ಮಾತ್ರೆಗೆ ಲೆಕ್ಕ ಉಂಟು, ಮಗುವಿಗೆ ಇಲ್ಲ

ನಮ್ಮ ಸರಕಾರಿ ಪ್ರಾಥಮಿಕ ಶಾಲೆಗಳಲ್ಲಿ ಔಷಧಿಯೇ ಇಲ್ಲ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಔಷಧಿ ಇದೆ. ಪೆಟ್ಟಿಗೆಗಟ್ಟಲೆ ಇದೆ. ದೇಶದಲ್ಲಿ 2015ರಿಂದ ಜಂತುಹುಳು ನಿವಾರಣಾ ದಿನ ಎಂಬುದು ನಡೆಯುತ್ತಿದೆ. ಆ ದಿನ ಮಕ್ಕಳನ್ನು ಸಾಲಾಗಿ ನಿಲ್ಲಿಸಿ 400 ಮಿಲಿಗ್ರಾಮಿನ ಅಲ್ಬೆಂಡಜೋಲ್ ಮಾತ್ರೆ ಕೊಡುತ್ತಾರೆ. ಮಾಸ್ತರರ ಕಣ್ಣೆದುರಿಗೇ ಅಗಿದು ನುಂಗಬೇಕು. ವಾರಕ್ಕೊಮ್ಮೆ ಕಬ್ಬಿಣಾಂಶದ ಮಾತ್ರೆ. ಐದನೇ ಇಯತ್ತೆಯ ತನಕ ಗುಲಾಬಿ ಬಣ್ಣದ್ದು, ಅದರಲ್ಲಿ 45 ಮಿಲಿಗ್ರಾಂ ಕಬ್ಬಿಣ. ಮೇಲಿನವರಿಗೆ ನೀಲಿ ಬಣ್ಣದ್ದು, 60 ಮಿಲಿಗ್ರಾಂ. ಎಷ್ಟು ಬಂತು, ಎಷ್ಟು ಹಂಚಿತು, ಎಷ್ಟು ಉಳಿಯಿತು ಎಂಬುದಕ್ಕೆ ಲೆಕ್ಕ. ಆ ಲೆಕ್ಕ ಶಾಲೆಯಿಂದ ತಾಲೂಕಿಗೆ, ತಾಲೂಕಿನಿಂದ ಕಾರವಾರದ ಜಿಲ್ಲಾ ಕಚೇರಿಗೆ, ಅಲ್ಲಿಂದ ಬೆಂಗಳೂರಿಗೆ.

ಇದು ಬೇಡ ಎಂದು ನಾನು ಹೇಳುತ್ತಿಲ್ಲ. ಹೊಟ್ಟೆಯಲ್ಲಿ ಹುಳ ಇಟ್ಟುಕೊಂಡು, ಮೈಯಲ್ಲಿ ರಕ್ತವಿಲ್ಲದೆ ಅಕ್ಷರ ಕಲಿಯಲು ಆಗುವುದಿಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ 65 ಮಂದಿಗೆ ರಕ್ತಹೀನತೆ. ಆ ಮಕ್ಕಳೇ ನಾಳೆ ಒಂದನೇ ಇಯತ್ತೆಗೆ ಬಂದು ಕೂರುವವರು. ಮಾತ್ರೆ ಬೇಕು. ನನ್ನ ಪ್ರಶ್ನೆ ಬೇರೆ. ಇಡೀ ಶಾಲೆಗೆ ಒಂದೇ ದಿನ ಒಂದೇ ಮಾತ್ರೆ ನುಂಗಿಸಲು ಗೊತ್ತಿರುವ ಈ ವ್ಯವಸ್ಥೆಗೆ, ಎರಡನೇ ಇಯತ್ತೆಯ ಮೂರನೇ ಸಾಲಿನಲ್ಲಿ ಕೂತ ಒಂದು ಮಗುವಿಗೆ ದಿನಾ ಮಧ್ಯಾಹ್ನ ಬೇಕಾದ ಅದರದೇ ಮಾತ್ರೆ ಕೊಡಲು ಯಾಕೆ ಬರುವುದಿಲ್ಲ?

ಆ ಮಗು ಯಾರು? ಮೂರ್ಛೆರೋಗದ ಮಗು. ಹೊತ್ತು ಹೊತ್ತಿಗೆ ಗುಳಿಗೆ ಬೀಳದಿದ್ದರೆ ನೆಲಕ್ಕುರುಳುವ ಮಗು. ಸೀಮೆಸುಣ್ಣದ ಧೂಳಿಗೆ, ಒಲೆಯ ಹೊಗೆಗೆ ದಮ್ಮು ಕಟ್ಟಿ ಎದೆ ಸೀಟಿ ಊದುವ ಮಗು. ದಿನಕ್ಕೆ ಹಲವು ಸಲ ಇನ್ಸುಲಿನ್ ಚುಚ್ಚಿಕೊಂಡೇ ಬದುಕಬೇಕಾದ ಸಕ್ಕರೆ ಕಾಯಿಲೆಯ ಮಗು. ಗಂಟಲು ನೋವಾಗಿ ಶುರುವಾಗಿ ಹೃದಯದ ಕವಾಟವನ್ನೇ ತಿಂದ ಜ್ವರದ ಮಗು. ಮೂರು ನಾಲ್ಕು ವಾರಕ್ಕೊಮ್ಮೆ ಪೆನಿಸಿಲಿನ್ ಸೂಜಿ ತಪ್ಪಬಾರದ ಮಗು. ರಕ್ತದ ಕಣ ಕುಡುಗೋಲಿನಂತೆ ಬಾಗುವ ಸಿಕಲ್ ಸೆಲ್ ಕಾಯಿಲೆಯ ಮಗು. ಅದಕ್ಕೆ ಪಾಠದ ನಡುವೆಯೂ ನೀರು ಕುಡಿಯಬೇಕು, ಚಳಿಯಲ್ಲಿ ಮಳೆಯಲ್ಲಿ ನೆನೆಯಬಾರದು, ಮೂಳೆ ಮೂಳೆಯಲ್ಲಿ ನೋವೆದ್ದಾಗ ಅದು ನಾಟಕ ಎಂದು ಯಾರೂ ಬೈಯಬಾರದು.

ಇಂಥ ಮಕ್ಕಳಿದ್ದಾರೆ ಎಂದು ಸರಕಾರಕ್ಕೆ ಗೊತ್ತಿಲ್ಲವೆ? ಗೊತ್ತಿದೆ. ಕೇಂದ್ರ ಸರಕಾರ 2013ರಲ್ಲಿ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಎಂಬುದನ್ನು ಶುರುಮಾಡಿತು. ಹುಟ್ಟಿದ ಕೂಸಿನಿಂದ ಹದಿನೆಂಟು ವರ್ಷದ ತನಕ ಮಕ್ಕಳ ತಪಾಸಣೆ. ಒಂದು ಗಾಡಿಯಲ್ಲಿ ವೈದ್ಯರ ತಂಡ ಅಂಗನವಾಡಿಗೆ ವರ್ಷಕ್ಕೆ ಎರಡು ಸಲ, ಶಾಲೆಗೆ ವರ್ಷಕ್ಕೆ ಒಂದು ಸಲ ಬರಬೇಕು. ಅವರು ಹುಡುಕಬೇಕಾದ ಕಾಯಿಲೆಗಳ ಪಟ್ಟಿಯಲ್ಲಿ ಮೂರ್ಛೆ ಇದೆ, ದಮ್ಮು ಇದೆ, ಹೃದಯದ ಜ್ವರ ಇದೆ, ತೀವ್ರ ರಕ್ತಹೀನತೆ ಇದೆ. ಅಂದರೆ ಸರಕಾರ ತನ್ನ ಕೈಯಾರೆ ಆ ಮಗುವಿನ ಕಾಯಿಲೆಯ ಹೆಸರು ಬರೆದಿದೆ. ಕಾಗದದ ಮೇಲೆ ಮಗು ಸಿಕ್ಕಿತು. ಚೀಟಿ ಕೊಟ್ಟಾಯಿತು, ಕಾರವಾರದ ದೊಡ್ಡಾಸ್ಪತ್ರೆಗೆ ಹೋಗಿ ಎಂದಾಯಿತು. ಗಾಡಿ ಹೋಯಿತು. ಇನ್ನುಳಿದ 364 ದಿನ ಆ ಮಗು ಯಾರದು?

ಯಾರದೂ ಅಲ್ಲ. ಆಸ್ಪತ್ರೆಯವರಿಗೆ ಅದು ಶಾಲೆಯ ಹೊತ್ತಿನ ವಿಷಯ. ಶಾಲೆಯವರಿಗೆ ಅದು ಮನೆಯ ವಿಷಯ. ಮನೆಯವರು ಕೂಲಿಗೆ ಹೋಗಿರುತ್ತಾರೆ. ಊರಿನವರಿಗೆ ಅದು ದೇವರ ವಿಷಯ, ದೆವ್ವದ ವಿಷಯ.

ನಾನು ಓದಿದ ಒಂದು ಶಾಲೆಯಲ್ಲಿ ಕಂಡದ್ದನ್ನು ಹೇಳುತ್ತೇನೆ. ಶಾಲೆಯ ಹೆಸರು ಬೇಡ. ಹೆಸರು ಹೇಳಿದ ಕೂಡಲೇ ಇದು ಆ ಒಂದು ಶಾಲೆಯ ಕತೆ ಎಂದು ಉಳಿದವರು ಕೈ ತೊಳೆದುಕೊಳ್ಳುತ್ತಾರೆ. ನಮ್ಮ ಕೇರಿಯ ಹುಡುಗನೊಬ್ಬನಿಗೆ ಮೂರ್ಛೆ ಬರುತ್ತಿತ್ತು. ಡಾಕ್ಟರು ದಿನಕ್ಕೆ ಮೂರು ಹೊತ್ತು ಗುಳಿಗೆ ಬರೆದಿದ್ದರು. ಬೆಳಗಿನದು ಅವ್ವ ಕೊಡುತ್ತಿದ್ದಳು, ರಾತ್ರಿಯದೂ ಅವಳೇ. ಮಧ್ಯಾಹ್ನದ ಗುಳಿಗೆ ಹಳೇ ಪೇಪರಿನ ಚೂರಿನಲ್ಲಿ ಸುತ್ತಿ ಅವನ ಚಡ್ಡಿ ಕಿಸೆಯಲ್ಲಿ. ಎಂಟು ವರ್ಷದ ಹುಡುಗ. ಆಟದಲ್ಲಿ ಬಿತ್ತು, ಮಳೆಯಲ್ಲಿ ಕರಗಿತು, ಮರೆತುಹೋಯಿತು. ಒಂದು ದಿನ ಮಗ್ಗಿ ಹೇಳುತ್ತಿದ್ದವನು ಅಲ್ಲೇ ಬಿದ್ದ. ಕೈಗೆ ಬೀಗದ ಕೈ ಗೊಂಚಲು ಹಿಡಿಸಿದರು. ಬಾಯಿಗೆ ಚಮಚ ತುರುಕಲು ನೋಡಿದರು. ಯಾರೋ ಓಡಿಹೋಗಿ ಹೊರಗೆ ಬಿಟ್ಟಿದ್ದ ಚಪ್ಪಲಿ ತಂದು ಮೂಗಿಗೆ ಹಿಡಿದರು. ಆಮೇಲೆ ಅವನನ್ನು ಎತ್ತಿ ಜಗಲಿಗೆ ಮಲಗಿಸಬೇಕಾಯಿತು. ಎತ್ತಲು ನಮ್ಮ ಕೇರಿಯ ಹುಡುಗರನ್ನೇ ಹೆಸರು ಹಿಡಿದು ಕರೆದರು.

ಮಾರನೇ ದಿನ ಅವ್ವ ಬಂದಳು. "ಅಕ್ಕೋರೆ, ಒಂದು ಗುಳಿಗಿ ಕೊಡೂಕೆ ಎಷ್ಟ್ ಹೊತ್ತು ಬೇಕ್ರಾ?" ಎಂದು ಕೇಳಿದಳು. ಪೂರಾ ಗುಣ ಆದಮೇಲೆ ಕಳಿಸು ಎಂದರು. ಮೂರ್ಛೆರೋಗ ಗುಳಿಗೆ ನುಂಗುತ್ತ ಹತೋಟಿಯಲ್ಲಿಡಬೇಕಾದ ಕಾಯಿಲೆ. ಗುಣ ಆಗಿ ಬಾ ಎಂದರೆ ಬರಲೇಬೇಡ ಎಂದು ಅರ್ಥ. ಅವನು ಬರಲಿಲ್ಲ. ಈಗ ಅವನು ಬಂದರಿನಲ್ಲಿ ಬೋಟಿಗೆ ಐಸು ತುಂಬುತ್ತಾನೆ. ಮೂರ್ಛೆ ಬರುವ ಮನುಷ್ಯ ನೀರಿನ ಅಂಚಿನಲ್ಲಿ ಕೆಲಸ ಮಾಡಬಾರದು ಎಂದು ವೈದ್ಯಶಾಸ್ತ್ರ ಹೇಳುತ್ತದೆ. ಅಕ್ಷರ ಕಲಿಯದವನಿಗೆ ಬೇರೆ ಯಾವ ಅಂಚನ್ನು ಈ ಊರು ಬಿಟ್ಟಿದೆ?

ಗೆಳೆಯರೇ, ಆ ಚಪ್ಪಲಿಯ ಬಗ್ಗೆ ಸ್ವಲ್ಪ ಯೋಚಿಸಿ. ನಮ್ಮ ಜನ ಹದ ಮಾಡಿದ ತೊಗಲು ಅದು. ಅದು ಮೈಲಿಗೆ, ಬಾಗಿಲ ಹೊರಗೆ ಇರಬೇಕು. ಅದನ್ನು ಹೊಲಿದವನೂ ಮೈಲಿಗೆ. ಆದರೆ ಮಗು ಬಿದ್ದು ಒದ್ದಾಡುವಾಗ ಅದೇ ಔಷಧಿ! ಐದು ಪೈಸೆಯ ವಿಜ್ಞಾನವಿಲ್ಲದ ಈ ಔಷಧಿಗೆ ಶಾಲೆಯಲ್ಲಿ ಸಲೀಸಾಗಿ ಪ್ರವೇಶವಿದೆ. ಡಾಕ್ಟರು ಬರೆದ ಗುಳಿಗೆಗೆ ಇಲ್ಲ. ಮೂರ್ಛೆ ಬಂದಾಗ ಮಾಡಬೇಕಾದದ್ದು ಇಷ್ಟೇ: ಮಗುವನ್ನು ಒಂದು ಮಗ್ಗುಲಿಗೆ ಹೊರಳಿಸಬೇಕು, ತಲೆಯ ಕೆಳಗೆ ಮೆತ್ತನೆಯದೇನಾದರೂ ಇಡಬೇಕು, ಬಾಯಿಗೆ ಏನನ್ನೂ ಹಾಕಬಾರದು, ಗಡಿಯಾರ ನೋಡಬೇಕು, ಐದು ನಿಮಿಷ ದಾಟಿದರೆ ಆಸ್ಪತ್ರೆಗೆ ಹೊರಡಬೇಕು. ಇದನ್ನು ಕಲಿಸಲು ಅರ್ಧ ಗಂಟೆ ಸಾಕು. ಸರಿಯಾಗಿ ಪತ್ತೆ ಹಚ್ಚಿ ಔಷಧಿ ಕೊಟ್ಟರೆ ಮೂರ್ಛೆರೋಗದ ನೂರು ಜನರಲ್ಲಿ 70ರಷ್ಟು ಮಂದಿ ಮೂರ್ಛೆಯಿಲ್ಲದೆ ಬದುಕಬಹುದು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಆ ಔಷಧಿಯೂ ಬಡವರ ಕೈಗೆ ಎಟುಕದಷ್ಟು ತುಟ್ಟಿಯದಲ್ಲ. ತುಟ್ಟಿಯಾಗಿರುವುದು ಅದನ್ನು ಹೊತ್ತಿಗೆ ಸರಿಯಾಗಿ ಕೈಗಿಡುವ ಒಬ್ಬ ಮನುಷ್ಯ.

*

ಇದು ಬರಿ ಒಂದು ಹುಡುಗನ ದುರದೃಷ್ಟವಲ್ಲ ಎಂದು ತಿಳಿಯಬೇಕಾದರೆ ಕಾರವಾರ ಅಂಕೋಲೆಯ ಬೆಳಗನ್ನು ನೋಡಬೇಕು. ಖಾರ್ವಿ ಹೆಂಗಸು ಬುಟ್ಟಿ ಹೊತ್ತು ಮೀನು ಪೇಟೆಗೆ ಹೊರಟಾಗ ಇನ್ನೂ ಸರಿಯಾಗಿ ಬೆಳಕು ಹರಿದಿರುವುದಿಲ್ಲ. ಗಂಡ ಬೋಟಿನಲ್ಲಿ. ಹಾಲಕ್ಕಿ ಕೊಪ್ಪದ ಹೆಂಗಸು ತರಕಾರಿ ಹೊರೆ ಹೊತ್ತು ಅಂಕೋಲೆ ಪೇಟೆಯಲ್ಲಿ ಕೂತಿರುತ್ತಾಳೆ. ಆಗೇರ, ಮುಕ್ರಿ, ಹಳ್ಳೇರ ಕೇರಿಯವರು ಕೂಲಿಗೆ. ಘಟ್ಟದ ಬುಡದ ಸಿದ್ದಿಗಳು ಇನ್ನೊಬ್ಬರ ತೋಟಕ್ಕೆ. ಮಧ್ಯಾಹ್ನ ಒಂದೂವರೆಗೆ ಶಾಲೆಗೆ ಬಂದು ಮಗುವಿಗೆ ಗುಳಿಗೆ ಕೊಟ್ಟು ಹೋಗಲು ಇವರಲ್ಲಿ ಯಾರಿಗೆ ಪುರುಸೊತ್ತಿದೆ? ಆ ಹೊತ್ತಿಗೆ ಶಾಲೆಗೆ ಬಂದರೆ ಆ ದಿನದ ಕೂಲಿ ಹೋಯಿತು. ಪೇಟೆಯ ದೊಡ್ಡ ಮನೆಯ ಮಗುವಿಗೆ ಕಾಯಿಲೆಯಾದರೆ ತಾಯಿ ಕಾರಿನಲ್ಲಿ ಬರುತ್ತಾಳೆ, ಇಲ್ಲವೇ ಖಾಸಗಿ ಶಾಲೆ ಫೀ ತಕ್ಕೊಂಡು ಒಂದು ಕೋಣೆ, ಒಬ್ಬ ನರ್ಸು ಇಡುತ್ತದೆ. "ಔಷಧಿ ಮನೆಯವರ ಜವಾಬ್ದಾರಿ" ಎಂಬ ಮಾತಿನ ಒಳಗೆ ಒಂದು ವರ್ಗದ ಮನೆ ಕೂತಿದೆ. ಆ ಮನೆಯಲ್ಲಿ ಮಧ್ಯಾಹ್ನದ ಹೊತ್ತು ಯಾರಾದರೂ ಇರುತ್ತಾರೆ. ನಮ್ಮ ಮನೆಗೆ ಮಧ್ಯಾಹ್ನ ಬೀಗ.

ಆಸ್ಪತ್ರೆಯ ಮಾತು ಎತ್ತಿದರೆ ಈ ಜಿಲ್ಲೆಯವರಿಗೆ ಹೊಟ್ಟೆ ಉರಿಯುತ್ತದೆ. ಕಾರವಾರದಲ್ಲಿ ವೈದ್ಯಕೀಯ ಕಾಲೇಜು ಬಂತು, ಸರಿ. ಆದರೆ ದೊಡ್ಡ ಕಾಯಿಲೆ ಎಂದರೆ ಇಂದಿಗೂ ಮಂಗಳೂರು, ಮಣಿಪಾಲ, ಹುಬ್ಬಳ್ಳಿ, ಇಲ್ಲವೇ ಗಡಿ ದಾಟಿ ಗೋವಾದ ಬಾಂಬೋಳಿ. 2022ರ ಜುಲೈ 20ರಂದು ಹೊನ್ನಾವರದಿಂದ ರೋಗಿಯನ್ನು ಹೊತ್ತು ದಕ್ಷಿಣಕ್ಕೆ ಓಡುತ್ತಿದ್ದ ಆಂಬುಲೆನ್ಸು ಬೈಂದೂರಿನ ಶಿರೂರು ಟೋಲ್ ಗೇಟಿಗೆ ಬಡಿದು ನಾಲ್ಕು ಜನ ಸತ್ತರು. ಆಗ ಇಡೀ ಜಿಲ್ಲೆ ಆಸ್ಪತ್ರೆ ಕೊಡಿ ಎಂದು ಕೂಗಿತು. 2024ರ ಜುಲೈ 16ರಂದು ನಮ್ಮ ಅಂಕೋಲೆಯ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿಯ ಮೇಲಿದ್ದವರನ್ನೇ ನುಂಗಿತು. ಎಷ್ಟೋ ದಿನ ರಸ್ತೆ ಬಂದ್. ಅದೇ ಆಗಸ್ಟ್ 7ರಂದು ಕಾರವಾರದಲ್ಲಿ ಕಾಳಿ ನದಿಯ ಹಳೇ ಸೇತುವೆ ಮುರಿದು ಬಿತ್ತು. ಇಂಥ ಜಾಗದಲ್ಲಿ ದಮ್ಮು ಕಟ್ಟಿದ ಮಗುವಿನ ಮೊದಲ ಹತ್ತು ನಿಮಿಷ ಆಸ್ಪತ್ರೆಯ ಕೈಯಲ್ಲಿ ಇರುವುದಿಲ್ಲ. ಅದು ಶಾಲೆಯ ಕೈಯಲ್ಲೇ ಇರುತ್ತದೆ. ಬಾಯಿಗಿಟ್ಟು ಎಳೆಯುವ ಒಂದು ಪಂಪು ಕಪಾಟಿನಲ್ಲಿ ಇದೆಯೋ ಇಲ್ಲವೋ, ಅದನ್ನು ಹಿಡಿಯಲು ಒಬ್ಬರಿಗೆ ಬರುತ್ತದೋ ಇಲ್ಲವೋ, ಅಷ್ಟರ ಮೇಲೆ ಜೀವ ನಿಂತಿರುತ್ತದೆ.

ಸರಕಾರಕ್ಕೆ ಮುಂದಾಲೋಚನೆ ಮಾಡಲು ಬರುವುದಿಲ್ಲ ಎಂದು ಯಾರೂ ಹೇಳಬೇಡಿ. ಕಾರವಾರ ತಾಲೂಕಿನಲ್ಲೇ ಕೈಗಾ ಅಣುಸ್ಥಾವರ ಇದೆ. ಅಲ್ಲಿ ಅವಘಡವಾದರೆ ಸುತ್ತಲಿನ ಜನರಿಗೆ ಅಯೋಡಿನ್ ಮಾತ್ರೆ ಕೊಡುವುದು ತುರ್ತು ಯೋಜನೆಯ ಒಂದು ಭಾಗ. ಅದಕ್ಕೆ ಅಣಕು ಕಾರ್ಯಾಚರಣೆ ಮಾಡುತ್ತಾರೆ. ಒಳ್ಳೆಯದೇ. ಕಾರವಾರ ಅಂಕೋಲೆಯ ಸಾವಿರಾರು ಕುಟುಂಬಗಳನ್ನು ಎಬ್ಬಿಸಿ ಕಟ್ಟಿದ ಸೀಬರ್ಡ್ ನೌಕಾನೆಲೆಗೆ 1986ರಲ್ಲಿ ಅಡಿಗಲ್ಲು ಬಿತ್ತು. ಅಲ್ಲಿ ನೌಕಾಪಡೆಯವರಿಗೆಂದೇ ಪತಂಜಲಿ ಎಂಬ ಆಸ್ಪತ್ರೆ ಇದೆ. ಅದೂ ಒಳ್ಳೆಯದೇ. ಎಂದೋ ಆಗಬಹುದಾದ ಅವಘಡಕ್ಕೆ ಮಾತ್ರೆ ಯೋಚಿಸಿಟ್ಟವರಿಗೆ, ನೆಲ ಕೊಟ್ಟವರ ಮೊಮ್ಮಕ್ಕಳ ಶಾಲೆಯಲ್ಲಿ ದಿನಾ ಆಗುವ ಅವಘಡ ಮಾತ್ರ ಕಾಣುವುದಿಲ್ಲ.

*

ಇದು ನಿನ್ನೆ ಮೊನ್ನೆಯ ಮರೆವೂ ಅಲ್ಲ. ಈ ದೇಶದಲ್ಲಿ ಶಾಲೆಯ ಮಕ್ಕಳ ವೈದ್ಯಕೀಯ ತಪಾಸಣೆ ಮೊದಲು ನಡೆದದ್ದು 1909ರಲ್ಲಿ, ಬರೋಡೆಯಲ್ಲಿ. 1946ರಲ್ಲಿ ಭೋರ್ ಸಮಿತಿ ವರದಿ ಕೊಟ್ಟಾಗ, ಶಾಲಾ ಆರೋಗ್ಯ ಸೇವೆ ಎಂಬುದು ದೇಶದಲ್ಲಿ ಇಲ್ಲವೆಂದೇ ಹೇಳಬಹುದು ಎಂದಿತು. 1960ರಲ್ಲಿ ರೇಣುಕಾ ರೇ ಅವರ ನೇತೃತ್ವದಲ್ಲಿ ಇದಕ್ಕೆಂದೇ ಇನ್ನೊಂದು ಸಮಿತಿ, 1961ರಲ್ಲಿ ಅದರ ವರದಿ. ವರದಿಗಳಿಗೆ ವಯಸ್ಸಾಯಿತು. ಶಿಕ್ಷಣ ಹಕ್ಕು ಕಾಯಿದೆ 2009ರಲ್ಲಿ ಬಂತು, 2010ರ ಏಪ್ರಿಲ್ 1ರಿಂದ ಜಾರಿಯಾಯಿತು. ಒಂದು ಶಾಲೆ ಎಂದರೆ ಏನೇನಿರಬೇಕು ಎಂದು ಅದರ ಅನುಸೂಚಿಯಲ್ಲಿ ಪಟ್ಟಿ ಇದೆ. ಕೋಣೆ, ಶೌಚಾಲಯ, ಕುಡಿಯುವ ನೀರು, ಅಡುಗೆಮನೆ, ಆಟದ ಬಯಲು, ಬೇಲಿ, ಪುಸ್ತಕ. ಬೇಲಿಯನ್ನೂ ನೆನಪಿಟ್ಟ ಆ ಪಟ್ಟಿಯಲ್ಲಿ ಔಷಧಿ ಇಡುವ ಒಂದು ಕಪಾಟು ಇಲ್ಲ. 2020ರಲ್ಲಿ ಆಯುಷ್ಮಾನ್ ಭಾರತದ ಹೆಸರಿನಲ್ಲಿ ಶಾಲಾ ಆರೋಗ್ಯ ಕಾರ್ಯಕ್ರಮ ಬಂತು. ಶಾಲೆಗೆ ಇಬ್ಬರು ಶಿಕ್ಷಕರನ್ನು ಆರೋಗ್ಯ ರಾಯಭಾರಿಗಳನ್ನಾಗಿ ಮಾಡಿದರು. ಬೆಳವಣಿಗೆ, ಪೌಷ್ಟಿಕತೆ, ಮಾದಕ ವಸ್ತು, ಇಂಟರ್ನೆಟ್ ಬಳಕೆ ಎಂದು 11 ವಿಷಯ ಕೊಟ್ಟರು. ಎಲ್ಲವೂ ಹೇಳಿಕೊಡುವ ವಿಷಯಗಳೇ. ಕಾಯಿಲೆಯ ಮಗುವಿಗೆ ಅದರ ಔಷಧಿ ಹೊತ್ತಿಗೆ ಕೊಡಿ ಎಂಬುದು ಆ ಹನ್ನೊಂದರಲ್ಲಿ ಒಂದಲ್ಲ. ಉಪದೇಶಕ್ಕೆ ರಾಯಭಾರಿ ಸಿಕ್ಕ, ಗುಳಿಗೆಗೆ ಆಳು ಸಿಗಲಿಲ್ಲ.

ಹಿಂಡಿಗೆ ಹಾಕುವ ಮಾತ್ರೆಯೇ ಸಾಕು ಎನ್ನುವವರಿಗೆ ಇನ್ನೊಂದು ಮಾತು. ಆ ಗುಲಾಬಿ ಮಾತ್ರೆಗೂ ಒಂಟಿ ಮಗುವಿನ ಪರಿಚಯ ಬೇಕು. ಜ್ವರ, ಭೇದಿ ಇರುವಾಗ ಕಬ್ಬಿಣದ ಮಾತ್ರೆ ಕೊಡಬಾರದು. ಪದೇ ಪದೇ ರಕ್ತ ಹಾಕಿಸಿಕೊಳ್ಳುವ ಥಲಸ್ಸೇಮಿಯಾ ಮಗುವಿನ ಮೈಯಲ್ಲಿ ಕಬ್ಬಿಣ ಮೊದಲೇ ಹೆಚ್ಚಾಗಿರುತ್ತದೆ, ಅದಕ್ಕೆ ಕೊಡಬಾರದು. ಹಸಿದ ಹೊಟ್ಟೆಗೆ ಕೊಟ್ಟರೆ ಹೊಟ್ಟೆ ತೊಳಸುತ್ತದೆ, ಮರುವಾರ ಮಗು ಮಾತ್ರೆಯನ್ನು ಕಿಟಕಿಯಿಂದ ಎಸೆಯುತ್ತದೆ. ಯಾರಿಗೆ ಜ್ವರ, ಯಾರಿಗೆ ರಕ್ತದ ಕಾಯಿಲೆ, ಯಾರು ಉಣ್ಣಲಿಲ್ಲ ಎಂದು ಗೊತ್ತಿಲ್ಲದೆ ಹಂಚಿದ್ದು ವೈದ್ಯವಲ್ಲ, ಲೆಕ್ಕ ಮುಗಿಸುವ ಕೆಲಸ.

ರಕ್ತದ ಮಾತು ಬಂದಿತಲ್ಲ, ಮೊಟ್ಟೆಯ ಮಾತನ್ನೂ ಆಡಿಬಿಡೋಣ. ರಕ್ತವಿಲ್ಲದ ಮಗುವಿಗೆ ಬರಿ ಮಾತ್ರೆ ಸಾಲದು, ಒಳ್ಳೆಯ ಊಟ ಬೇಕು. 2021ರ ಡಿಸೆಂಬರಿನಲ್ಲಿ ಕೆಲವು ಜಿಲ್ಲೆಗಳ ಶಾಲೆಗಳಲ್ಲಿ ಬಿಸಿಯೂಟಕ್ಕೆ ಮೊಟ್ಟೆ ಕೊಡಲು ಹೊರಟಾಗ ಕೆಲವು ಮಠಗಳ ಸ್ವಾಮಿಗಳು ಬೀದಿಗಿಳಿಯುವ ಮಾತಾಡಿದರು. ಮಕ್ಕಳಿಗೆ ಮಾತ್ರೆ ನುಂಗಿಸಿದಾಗ ಇವರಿಗೆ ಮೈಲಿಗೆ ಆಗಲಿಲ್ಲ. ಮೂರ್ಛೆಯ ಮಗುವನ್ನು ಮನೆಗೆ ಅಟ್ಟಿದಾಗ ಒಬ್ಬರೂ ಬೀದಿಗಿಳಿಯಲಿಲ್ಲ. ಮೀನು ತಿಂದು ಬೆಳೆದ ಕರಾವಳಿಯ ಮಗುವಿನ ತಟ್ಟೆಯಲ್ಲಿ ಒಂದು ಮೊಟ್ಟೆ ಬಿದ್ದರೆ ಇವರ ಧರ್ಮ ಅಲ್ಲಾಡುತ್ತದೆ. ಆ ಧರ್ಮ ಯಾರ ಆರೋಗ್ಯಕ್ಕೆ?

*

ಜಾತಿಯನ್ನು ಯಾಕೆ ಇಲ್ಲಿ ಎಳೆಯುತ್ತೀರಿ, ಕಾಯಿಲೆಗೆ ಜಾತಿ ಇದೆಯೇ ಎಂದು ನಮ್ಮ ಸಭ್ಯ ಗೆಳೆಯರು ಕೇಳುತ್ತಾರೆ. ಕಾಯಿಲೆಗೆ ಜಾತಿ ಇಲ್ಲ. ಆರೈಕೆಗೆ ಇದೆ. ಗುಳಿಗೆ ನುಂಗಲು ನೀರು ಬೇಕು. ನೀರನ್ನು ಯಾರು ಕೊಡಬೇಕು? ಬಾಬಾಸಾಹೇಬರು ಸಾತಾರೆಯ ಶಾಲೆಯಲ್ಲಿ ಓದುವಾಗ ಜವಾನ ಬಂದು ಎತ್ತಿ ಹೊಯ್ದರೆ ಮಾತ್ರ ಅವರಿಗೆ ನೀರು. ಜವಾನ ಇಲ್ಲದ ದಿನ ನೀರೇ ಇಲ್ಲ. ಅವರೇ ಬರೆದಿಟ್ಟಿದ್ದಾರೆ. ಮದ್ದು ಕೊಡುವುದೆಂದರೆ ಮುಟ್ಟುವುದು. ಬಾಯಿ ಒರೆಸುವುದು, ಜೊಲ್ಲು ಒರೆಸುವುದು, ವಾಂತಿ ತೊಳೆಯುವುದು, ಒದ್ದೆಯಾದ ಚಡ್ಡಿ ಬದಲಿಸುವುದು, ತಲೆಯನ್ನು ತೊಡೆಯ ಮೇಲೆ ಇಟ್ಟುಕೊಳ್ಳುವುದು. ಸಂವಿಧಾನದ 17ನೇ ವಿಧಿ ಅಸ್ಪೃಶ್ಯತೆಯನ್ನು ರದ್ದು ಮಾಡಿತು. ಆದರೆ ಮಗು ಜೊಲ್ಲು ಸುರಿಸುತ್ತ ಬಿದ್ದಾಗ ಯಾರ ಕೈ ಮುಂದೆ ಬಂತು, ಯಾರ ಕೈ ಹಿಂದೆ ಸರಿಯಿತು ಎಂದು ನೋಡಿ. ಸಂವಿಧಾನ ಆ ತರಗತಿಗೆ ಬಂದಿದೆಯೋ ಇಲ್ಲವೋ ಅಲ್ಲೇ ಗೊತ್ತಾಗುತ್ತದೆ.

ನಮ್ಮ ಶಾಲೆಗಳಲ್ಲಿ ಸಾವಿತ್ರಿಬಾಯಿ ಫುಲೆಯವರ ಪಟಕ್ಕೆ ಜನವರಿ 3ರಂದು ಹಾರ ಹಾಕುತ್ತೇವೆ. ಮೊದಲ ಶಿಕ್ಷಕಿ ಎಂದು ಭಾಷಣ ಮಾಡುತ್ತೇವೆ. ಅವರು ಹೇಗೆ ಸತ್ತರು ಎಂದು ಹೇಳುತ್ತೇವೆಯೆ? 1897ರಲ್ಲಿ ಪುಣೆಗೆ ಪ್ಲೇಗು ಬಂದಾಗ ಊರವರು ಮುಟ್ಟದ ಒಬ್ಬ ಮಹಾರ ಬಾಲಕನನ್ನು ಆ ತಾಯಿ ತನ್ನ ಬೆನ್ನ ಮೇಲೆ ಹೊತ್ತು ಆಸ್ಪತ್ರೆಗೆ ತಂದರು. ಆ ರೋಗ ಅವರಿಗೂ ತಗುಲಿ ಮಾರ್ಚ್ 10ರಂದು ತೀರಿಕೊಂಡರು. ಅಕ್ಷರ ಕಲಿಸುವುದೂ ಕಾಯಿಲೆಯ ಮಗುವನ್ನು ಹೊರುವುದೂ ಅವರಿಗೆ ಎರಡು ಇಲಾಖೆಗಳ ಕೆಲಸವಾಗಿರಲಿಲ್ಲ.

ಆದರೆ ಈ ಮಾತನ್ನು ಹಿಡಿದು ಶಿಕ್ಷಕರ ಮೇಲೆ ಕಲ್ಲೆಸೆಯುವವರ ಜೊತೆ ನಾನು ನಿಲ್ಲುವುದಿಲ್ಲ. ಈ ಪತ್ರಿಕೆ ಓದುವವರಲ್ಲಿ ಹಳ್ಳಿಯ ಮಾಸ್ತರರು, ಅಕ್ಕೋರು ಬಹಳ ಮಂದಿ ಇದ್ದೀರಿ. ಒಬ್ಬರೇ ಎರಡು ಮೂರು ಇಯತ್ತೆ ನೋಡುವ ಶಾಲೆಗಳು ನಮ್ಮ ಘಟ್ಟದ ಬುಡದಲ್ಲಿ ಎಷ್ಟಿವೆ ಎಂದು ನಿಮಗೇ ಗೊತ್ತು. ಶಿಕ್ಷಣ ಹಕ್ಕು ಕಾಯಿದೆಯ 27ನೇ ಕಲಮು ಜನಗಣತಿ, ಚುನಾವಣೆ, ವಿಪತ್ತು ಪರಿಹಾರ ಬಿಟ್ಟರೆ ಬೇರೆ ಕೆಲಸಕ್ಕೆ ಶಿಕ್ಷಕರನ್ನು ಎಳೆಯಬಾರದು ಎನ್ನುತ್ತದೆ. ಮಗುವಿಗೆ ಗುಳಿಗೆ ಕೊಟ್ಟು ನಾಳೆ ಹೆಚ್ಚು ಕಡಿಮೆ ಆದರೆ ಅಮಾನತ್ತು ಯಾರಿಗೆ ಎಂಬ ನಿಮ್ಮ ಭಯ ಸುಳ್ಳಲ್ಲ. ಮಾತ್ರೆ ದಿನದ ಗುರಿ ಮುಟ್ಟದಿದ್ದರೆ ನೋಟೀಸು, ಮಗುವಿನ ಗುಳಿಗೆ ಕೊಟ್ಟರೆ ರಕ್ಷಣೆ ಇಲ್ಲ. ಈ ಎರಡರ ನಡುವೆ ನಿಮ್ಮನ್ನು ನಿಲ್ಲಿಸಿದ್ದು ಆ ಕೂಲಿಯ ಹೆಂಗಸಲ್ಲ, ಮೇಲಿನ ಕಚೇರಿ. ಹಾಗಾದರೆ ನಿಮ್ಮ ಜಗಳ ಯಾರ ಜೊತೆ ಇರಬೇಕು? "ಗುಣ ಆದಮೇಲೆ ಕಳಿಸು" ಎಂದು ಅವಳಿಗೆ ಹೇಳುವ ಬದಲು "ನಮಗೆ ಲಿಖಿತ ಆದೇಶ ಕೊಡಿ, ತರಬೇತಿ ಕೊಡಿ, ರಕ್ಷಣೆ ಕೊಡಿ" ಎಂದು ಮೇಲಕ್ಕೆ ಹೇಳಿ. ನಿಮ್ಮ ಸಂಘಗಳು ಸಂಬಳದ ಬೇಡಿಕೆಯ ಕೆಳಗೆ ಇದನ್ನೂ ಒಂದು ಸಾಲು ಬರೆಯಲಿ.

ಆಗದ ಕೆಲಸವನ್ನು ನಾನು ಕೇಳುತ್ತಿಲ್ಲ. ಸಿಬಿಎಸ್‌ಇ ಮಂಡಳಿ 2017ರಲ್ಲಿ ಸಕ್ಕರೆ ಕಾಯಿಲೆಯ ಮಕ್ಕಳು ಪರೀಕ್ಷೆಯ ಕೋಣೆಗೆ ತಿನಿಸು ಒಯ್ಯಬಹುದು ಎಂದು ಒಪ್ಪಿತು. 2023ರಲ್ಲಿ ರಾಷ್ಟ್ರೀಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗ ರಾಜ್ಯಗಳಿಗೆ ಪತ್ರ ಬರೆದು, ಇಂಥ ಮಕ್ಕಳಿಗೆ ತರಗತಿಯಲ್ಲೇ ಸಕ್ಕರೆ ನೋಡಿಕೊಳ್ಳಲು, ಇನ್ಸುಲಿನ್ ತಕ್ಕೊಳ್ಳಲು, ನಡುವೆ ತಿನ್ನಲು ಬಿಡಬೇಕು ಎಂದಿತು. ಉತ್ತರ ಪ್ರದೇಶ ಆ ವರ್ಷವೇ ಆದೇಶ ಹೊರಡಿಸಿತು. ಇಂಗ್ಲೆಂಡಿನಲ್ಲಿ 2014ರ ಒಂದು ಕಾಯಿದೆ ಕಾಯಿಲೆಯಿರುವ ಮಗುವಿಗೆ ಶಾಲೆಯಲ್ಲಿ ಆಸರೆ ಕೊಡುವುದನ್ನು ಶಾಲೆ ನಡೆಸುವವರ ಕರ್ತವ್ಯವನ್ನಾಗಿ ಮಾಡಿದೆ. ಅವರ ಕರುಣೆಗೆ ಬಿಟ್ಟಿಲ್ಲ. ನಮ್ಮಲ್ಲೂ ಕಾನೂನಿನ ಹಿಡಿ ಇದೆ. 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯ ಪಟ್ಟಿಯಲ್ಲಿ ಸಿಕಲ್ ಸೆಲ್, ಥಲಸ್ಸೇಮಿಯಾ, ಹಿಮೋಫಿಲಿಯಾ, ನರಮಂಡಲದ ದೀರ್ಘ ಕಾಯಿಲೆಗಳು ಸೇರಿವೆ. ಅಂಥ ಮಗುವನ್ನು ಬೇರ್ಪಡಿಸದೆ ಕೂರಿಸಿಕೊಂಡು ಕಲಿಸಬೇಕು ಎಂದು ಅದೇ ಕಾಯಿದೆ ಹೇಳುತ್ತದೆ. 2023ರ ಜುಲೈ 1ರಂದು ಶುರುವಾದ ಸಿಕಲ್ ಸೆಲ್ ನಿರ್ಮೂಲನಾ ಅಭಿಯಾನ ಬುಡಕಟ್ಟು ಜನರ ರಕ್ತ ಪರೀಕ್ಷೆ ಮಾಡಿ ಕಾರ್ಡು ಕೊಡುತ್ತದೆ. ಕಾರ್ಡು ಮನೆಯ ಟ್ರಂಕಿನಲ್ಲಿದ್ದು ಮಗು ಶಾಲೆಯಲ್ಲಿದ್ದರೆ ಆ ಕಾರ್ಡು ಏನು ಮಾಡೀತು?

ನಮ್ಮ ಬೇಡಿಕೆ ಇವು.

ಒಂದು: ಮಗುವಿನ ದಾಖಲಾತಿಯ ದಿನವೇ ಕೇಳಿ. ಜಾತಿಯ ಕಾಲಂ ತುಂಬದೆ ದಾಖಲಾತಿ ಪುಸ್ತಕ ಮುಂದೆ ಹೋಗುವುದಿಲ್ಲವಷ್ಟೆ? ಈ ಮಗುವಿಗೆ ಯಾವ ಕಾಯಿಲೆ, ಯಾವ ಮದ್ದು, ಯಾವ ಹೊತ್ತಿಗೆ ಎಂಬುದಕ್ಕೂ ಒಂದು ಹಾಳೆ ಇರಲಿ. ಆ ಹಾಳೆ ಗುಟ್ಟಾಗಿರಲಿ, ತರಗತಿಯಲ್ಲಿ ಕೂಗಿ ಓದುವುದು ಬೇಡ.

ಎರಡು: ಡಾಕ್ಟರು ಕನ್ನಡದಲ್ಲಿ ಬರೆದುಕೊಡಬೇಕು. ಮದ್ದಿನ ಹೆಸರು, ಪ್ರಮಾಣ, ಹೊತ್ತು, ಅಪಾಯದ ಗುರುತು, ಆಗ ಏನು ಮಾಡಬೇಕು, ಯಾರಿಗೆ ಫೋನು ಮಾಡಬೇಕು. ದಿನಕ್ಕೆ ಎರಡೇ ಹೊತ್ತು ಸಾಕಾಗುವ ಮದ್ದು ಇದ್ದರೆ ಅದನ್ನೇ ಬರೆಯಲಿ. ಶಾಲೆಯ ಹೊತ್ತು ಡಾಕ್ಟರಿಗೂ ನೆನಪಿರಲಿ.

ಮೂರು: ಬೀಗ ಇರುವ ಒಂದು ಕಪಾಟು, ಪ್ರತಿ ಮಗುವಿನ ಹೆಸರಿನ ಬೇರೆ ಡಬ್ಬಿ, ಕೊಟ್ಟದ್ದನ್ನು ಬರೆಯುವ ಪುಸ್ತಕ. ದಮ್ಮಿನ ಪಂಪಿಗೆ ಮಾತ್ರ ಬೀಗ ಬೇಡ, ಅದು ಮಗುವಿನ ಕೈಗೆ ಸಿಗಬೇಕು. ಸಕ್ಕರೆ ಇಳಿದು ಬೆವರಿ ನಡುಗುವ ಮಗುವಿಗೆ, ಎಚ್ಚರವಿದ್ದರೆ, ತಕ್ಷಣ ಕೊಡಲು ಸಕ್ಕರೆಯೋ ಬೆಲ್ಲವೋ ಇರಲಿ. ಜೋನಿಬೆಲ್ಲದ ಊರಿನಲ್ಲಿ ಇದಕ್ಕೆ ಬಜೆಟ್ಟು ಬೇಕೆ?

ನಾಲ್ಕು: ಪ್ರತಿ ಶಾಲೆಯಲ್ಲಿ ಇಬ್ಬರಿಗೆ ಪ್ರಾಥಮಿಕ ಆರೋಗ್ಯ ಕೇಂದ್ರದವರು ವರ್ಷ ವರ್ಷ ತರಬೇತಿ ಕೊಡಲಿ. ಒಬ್ಬರು ಶಿಕ್ಷಕರು, ಇನ್ನೊಬ್ಬರು ಬಿಸಿಯೂಟದ ಅಡುಗೆಯವರು. ಮಾಸ್ತರರು ವರ್ಗವಾಗಿ ಹೋಗುತ್ತಾರೆ, ಅಡುಗೆಯಾಕೆ ಊರಲ್ಲೇ ಇರುತ್ತಾಳೆ, ಪ್ರತಿ ಮಗು ಎಷ್ಟು ಉಂಡಿತು ಎಂದು ಅವಳಿಗೆ ಗೊತ್ತು. ಆದರೆ ಈ ಕೆಲಸವನ್ನು ಅವಳ ತಲೆಯ ಮೇಲೆ ಪುಕ್ಕಟೆ ಹೊರಿಸಬೇಡಿ, ಸಂಬಳ ಕೊಡಿ.

ಐದು: ಬರೆದುಕೊಟ್ಟಂತೆ ನಡೆದುಕೊಂಡವರ ಮೇಲೆ ಕ್ರಮವಿಲ್ಲ ಎಂಬ ಲಿಖಿತ ಭರವಸೆ ಶಿಕ್ಷಕರಿಗೂ ಅಡುಗೆಯವರಿಗೂ ಸಿಗಲಿ.

ಆರು: ಕಾಯಿಲೆಯ ನೆವದಲ್ಲಿ ಮಗುವನ್ನು ಶಾಲೆಯಿಂದ ಕಳಿಸಿದರೆ ಅದನ್ನು ಮಗುವಿನ ಗೈರುಹಾಜರಿ ಎಂದು ಬರೆಯಬೇಡಿ. ಶಾಲೆ ತಪ್ಪಿಸಿದ್ದು ಎಂದು ಬರೆಯಿರಿ.

ಇದನ್ನು ಕೇಳುವುದಕ್ಕೆ ಬೆಂಗಳೂರಿಗೆ ಹೋಗಬೇಕಾಗಿಲ್ಲ. 2001ರಲ್ಲಿ ಬಂದ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯಲ್ಲಿ ತಂದೆ ತಾಯಿಗಳು ಕೂರುತ್ತಾರೆ. ಅಲ್ಲಿ ನಮ್ಮವರು ಬಹಳ ಸಲ ಸಹಿ ಹಾಕಲು, ಚಾ ಕುಡಿಯಲು ಮಾತ್ರ ಇರುತ್ತಾರೆ. ಕಾಲೇಜಿನಲ್ಲಿ ಓದುವ ಗೆಳೆಯರೇ, ಮುಂದಿನ ಸಭೆಗೆ ನಿಮ್ಮ ಕೇರಿಯ ತಾಯಂದಿರ ಜೊತೆ ಹೋಗಿ. ಈ ಶಾಲೆಯಲ್ಲಿ ದಿನಾ ಔಷಧಿ ಬೇಕಾದ ಮಕ್ಕಳು ಎಷ್ಟು? ಅವರ ಔಷಧಿ ಎಲ್ಲಿದೆ? ಅದನ್ನು ಯಾರು ಕೊಡುತ್ತಾರೆ? ಬಿದ್ದರೆ ಯಾರು ಎತ್ತುತ್ತಾರೆ? ಕಾಯಿಲೆಯಿಂದ ಶಾಲೆ ಬಿಟ್ಟವರು ಯಾರು? ಈ ಐದು ಪ್ರಶ್ನೆ ಕೇಳಿ. ಉತ್ತರವನ್ನು ಠರಾವು ಪುಸ್ತಕದಲ್ಲಿ ಬರೆಸಿ. ಉತ್ತರ ಇಲ್ಲದಿದ್ದರೆ ಇಲ್ಲ ಎಂದೇ ಬರೆಸಿ, ಅದರ ಪ್ರತಿ ತಕ್ಕೊಂಡು ಜಿಲ್ಲಾ ಪಂಚಾಯತದ ಬಾಗಿಲಿಗೆ ಬನ್ನಿ.

ನಮ್ಮ ಕವಿಗಳಿಗೂ ಒಂದು ಮಾತು. ಕಾರವಾರದ ಕಡಲನ್ನು ಬೇಕಾದಷ್ಟು ಜನ ಬೇಕಾದಷ್ಟು ಸಲ ಬರೆದಿದ್ದಾರೆ. ಈ ನೆಲದಲ್ಲಿ ದಿನಕರ ದೇಸಾಯಿಯವರು ಚುಟುಕ ಬರೆಯುತ್ತಲೇ 1953ರಲ್ಲಿ ಕೆನರಾ ವೆಲ್‌ಫೇರ್ ಟ್ರಸ್ಟ್ ಕಟ್ಟಿ ಬಡವರ ಮಕ್ಕಳಿಗೆ ಶಾಲೆ ತೆರೆದರು. ಬಾಗಿಲು ತೆರೆದಾಯಿತು. ಒಳಗೆ ಬಂದ ಮಗು ಕಾಯಿಲೆಯ ಕಾರಣಕ್ಕೆ ಅದೇ ಬಾಗಿಲಿನಿಂದ ಹೊರಗೆ ಹೋಗದ ಹಾಗೆ ನೋಡಿಕೊಳ್ಳುವ ಕೆಲಸ ನಮ್ಮ ತಲೆಮಾರಿನದು. ಜೂನಿನಲ್ಲಿ ಶಾಲೆ ಶುರುವಾಗುವ ಮೊದಲು ಅಂಕೋಲೆ, ಕಾರವಾರದ ಪ್ರತಿ ಕೇರಿಯಲ್ಲಿ, ಕೊಪ್ಪದಲ್ಲಿ, ನಿರಾಶ್ರಿತರ ಕಾಲೊನಿಯಲ್ಲಿ ಔಷಧಿಯ ಮೇಲೆ ಬದುಕುವ ಮಕ್ಕಳ ಪಟ್ಟಿ ನಾವೇ ಮಾಡೋಣ. ಶಾಲೆಯ ಮೊದಲ ದಿನ ಪಟ್ಟಿ ಹಿಡಿದು ಹೋಗೋಣ. ಕಪಾಟು ಇಲ್ಲ ಎಂದರೆ ಕಪಾಟು ಬರುವ ತನಕ ಅಲ್ಲೇ ಕೂರೋಣ.